ನೀರಿನ ಲೆಕ್ಕ, ನಾಡಿನ ಲೆಕ್ಕ



ದೇವರಗುಡ್ಡದ ಮಾಲತೇಶನ ಸನ್ನಿಧಿಯಲ್ಲಿ ದಸರೆಯ ಹೊತ್ತಿಗೆ ಗೊರವಯ್ಯ ಬಿಲ್ಲನ್ನೇರಿ ಕಾರಣಿಕ ನುಡಿಯುತ್ತಾನೆ. ಆ ಒಂದು ಮಾತಿನಲ್ಲಿ ನಮ್ಮ ಸೀಮೆಯ ರೈತ ಮಳೆಬೆಳೆಗಳ ಸೂಚನೆಯನ್ನು ಅರಸುತ್ತಾನೆ. ಹೀಗೆ ಮಳೆಯನ್ನೇ ನೆಚ್ಚಿದ ನಾಡಿನಲ್ಲಿ, ನೀರಿಗೆ ಲೆಕ್ಕವಿಟ್ಟ ಎಂಜಿನಿಯರ್ ವಿಶ್ವೇಶ್ವರಯ್ಯನವರನ್ನು ನೆನೆಯುವುದು ಉಚಿತ.

1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಮಡಿದರು. ನಿಜಾಮ ಸರ್ಕಾರದ ಕರೆಯಂತೆ 1909ರಲ್ಲಿ ಅಲ್ಲಿಗೆ ಬಂದ ವಿಶ್ವೇಶ್ವರಯ್ಯನವರು, ಪ್ರವಾಹವನ್ನು ನಗರದ ಮೇಲ್ಗಡೆಯೇ ತಡೆಯುವ ಜಲಾಶಯಗಳನ್ನೂ ನಗರಕ್ಕೆ ಒಳಚರಂಡಿಯನ್ನೂ ಸೂಚಿಸಿದರು. ಮುಂದೆ ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳು ಎದ್ದವು. ಕೊಂದ ನೀರೇ ಕುಡಿಯುವ ನೀರಾಯಿತು.

1912ರಲ್ಲಿ ಅವರು ಮೈಸೂರಿನ ದಿವಾನರಾದರು. ಹಿಂದುಳಿದವರಿಗೆ ಸರ್ಕಾರಿ ಹುದ್ದೆಗಳಲ್ಲಿ ಪಾಲು ಮೀಸಲಿಡುವ ವಿಚಾರ ಬಂದಾಗ ಒಪ್ಪಲಾರದೆ 1918ರಲ್ಲಿ ಪದವಿ ತೊರೆದರು. ಯೋಗ್ಯತೆಯೊಂದೇ ಅಳತೆಗೋಲೆಂಬುದು ಅವರ ನಿಲುವು. ಆದರೆ ಕೆರೆ ತುಂಬಿದರೂ ಕಾಲುವೆಯಿಲ್ಲದೆ ದೂರದ ಹೊಲಕ್ಕೆ ನೀರು ಮುಟ್ಟದೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರಾರು? ವಿದ್ಯೆ, ಅಧಿಕಾರಗಳ ಹರಿವೂ ಹಾಗೆಯೇ.

ಅವರು ಕಟ್ಟಿದ್ದನ್ನು ಕೃತಜ್ಞತೆಯಿಂದ ಉಳಿಸಿಕೊಳ್ಳೋಣ. ತೋಡದೆ ಬಿಟ್ಟ ಕಾಲುವೆಯನ್ನು ತೋಡುವ ಹೊಣೆ ನಮ್ಮದು.