ಸೋಮವಾರ ಹೊರಡಬೇಕಾದ ಕಾರು



ವಾರವಿಡೀ ಆಫೀಸು, ಶಾಲೆ, ಆಸ್ಪತ್ರೆ, ಸಂತೆ ಎಂದು ಓಡುವ ಕಾರು ನಿಮ್ಮ ಮನೆಯಲ್ಲಿದ್ದು, ಅದರ ಚಿಕ್ಕಪುಟ್ಟ ರಿಪೇರಿಯನ್ನು ರಜೆಯ ದಿನ ನೀವೇ ಮಾಡಿಕೊಳ್ಳುವ ಆಸೆ ಇದ್ದರೆ ಇಂದಿನ ಮಾತು ನಿಮಗಾಗಿ. ಹವ್ಯಾಸಕ್ಕೆಂದು ಶೆಡ್ಡಿನಲ್ಲಿಟ್ಟ ಹಳೆಯ ಕಾರನ್ನು ತಿಂಗಳುಗಟ್ಟಲೆ ಬಿಚ್ಚಿಟ್ಟರೂ ನಡೆಯುತ್ತದೆ. ದಿನಬಳಕೆಯ ಕಾರಿನ ಮಾತೇ ಬೇರೆ. ಸೋಮವಾರ ಬೆಳಿಗ್ಗೆ ಅದು ಗೇಟು ದಾಟಲೇಬೇಕು. ಹಾಗಾಗಿ ಪಾನಾ ಹಿಡಿಯುವ ಮೊದಲು ಲೆಕ್ಕಾಚಾರ ಬೇಕು.

ಯಾವ ಕೆಲಸಕ್ಕೇ ಕೈಹಾಕಿ, ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಅರ್ಧದಲ್ಲಿ ಸಿಕ್ಕಿಹಾಕಿಕೊಂಡರೆ ಈ ಕಾರು ಓಡುತ್ತದೆಯೇ? ಏರ್ ಫಿಲ್ಟರ್, ವೈಪರ್ ಬ್ಲೇಡು, ಹೆಡ್‌ಲೈಟ್ ಬಲ್ಬು ಬದಲಿಸುವಾಗ ಏನಾದರೂ ತೊಡಕಾದರೆ ಹಳೆಯದನ್ನೇ ತಿರುಗಿ ಹಾಕಿ ಹೊರಡಬಹುದು. ಎಂಜಿನ್ ಆಯಿಲ್ ಹಾಗಲ್ಲ. ಕೆಳಗಿನ ಡ್ರೇನ್ ಬೋಲ್ಟು ಬಿಚ್ಚಿದ ಮೇಲೆ ಹೊಸ ಆಯಿಲ್ ತುಂಬುವವರೆಗೆ ಎಂಜಿನ್ ಸ್ಟಾರ್ಟ್ ಮಾಡುವಂತಿಲ್ಲ. ಬ್ರೇಕಿನ ಕೆಲಸವೂ ಅದೇ ಜಾತಿಯದು. ಇನ್ನು ಕ್ಲಚ್ ಪ್ಲೇಟು, ಟೈಮಿಂಗ್ ಬೆಲ್ಟು ಇವನ್ನು ಮನೆಯ ಅಂಗಳದಲ್ಲಿ, ಎರಡೇ ದಿನದ ಬಿಡುವಿನಲ್ಲಿ ಮುಟ್ಟಲೇಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ಏರ್‌ಬ್ಯಾಗಿನ ವೈರುಗಳ ತಂಟೆಗಂತೂ ಎಂದೂ ಹೋಗಬೇಡಿ.

ಓಡಾಟ ನಿಲ್ಲಿಸುವಂಥ ಕೆಲಸವಾದರೆ ಶನಿವಾರ ಬೆಳಿಗ್ಗೆಯೇ ಶುರುಮಾಡಿ. ಕಾರಣ ಸರಳ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಸಾಲುಸಾಲು ಸ್ಪೇರ್ ಪಾರ್ಟ್ಸ್ ಅಂಗಡಿಗಳಿವೆ, ಆದರೆ ಭಾನುವಾರ ಹೆಚ್ಚಿನವುಗಳ ಬಾಗಿಲು ಮುಚ್ಚಿರುತ್ತದೆ. ಉಳಿದ ಊರುಗಳಲ್ಲೂ ಹೆಚ್ಚುಕಡಿಮೆ ಇದೇ ಕಥೆ. ಶನಿವಾರ ಮಧ್ಯಾಹ್ನ ಒಂದು ಬೋಲ್ಟಿನ ಥ್ರೆಡ್ ಹೋದರೆ ಓಡಿಹೋಗಿ ತರಬಹುದು. ಭಾನುವಾರ ಸಂಜೆ ಹೋದರೆ ಸೋಮವಾರದ ಪ್ರಯಾಣಕ್ಕೆ ಬಸ್ಸೇ ಗತಿ.

ಸಾಮಾನುಗಳನ್ನು ಅದಕ್ಕೂ ಮುಂಚೆ, ಬುಧವಾರ ಗುರುವಾರದ ಹೊತ್ತಿಗೇ ತಂದಿಟ್ಟುಕೊಳ್ಳಿ. ಅಂಗಡಿಯಲ್ಲಿ ಕಾರಿನ ಹೆಸರೊಂದನ್ನೇ ಹೇಳಿದರೆ ಸಾಲದು. ಒಂದೇ ಹೆಸರಿನ ಕಾರಿಗೆ ವರ್ಷದಿಂದ ವರ್ಷಕ್ಕೆ ಬೇರೆ ಬೇರೆ ಬ್ರೇಕ್ ಪ್ಯಾಡು, ಬೇರೆ ಫಿಲ್ಟರು ಬಂದಿರುತ್ತವೆ. ತಯಾರಾದ ವರ್ಷ ಮತ್ತು ಆರ್‌ಸಿಯಲ್ಲಿರುವ ಚಾಸಿಸ್ ನಂಬರು ಕೊಟ್ಟು ಕೇಳಿ. ಮನೆಗೆ ತಂದ ಮೇಲೆ ಪೊಟ್ಟಣ ಒಡೆದು ನೋಡಿ. ಎಂಜಿನ್ ಆಯಿಲ್ ಬದಲಿಸುವುದಾದರೆ ಆಯಿಲ್, ಫಿಲ್ಟರ್ ಜೊತೆಗೆ ಡ್ರೇನ್ ಬೋಲ್ಟಿನ ಪುಟ್ಟ ವಾಷರನ್ನೂ ಮರೆಯದೆ ತನ್ನಿ. ಅಗ್ಗದ ಈ ವಾಷರ್ ಇಲ್ಲದೆ ಹನಿಹನಿಯಾಗಿ ಆಯಿಲ್ ಸೋರುವ ಕಾರುಗಳು ಎಷ್ಟೋ.

ಉಡುಪಿ, ಮಂಗಳೂರಿನ ಕಡೆಯವರಿಗೆ ಇನ್ನೊಂದು ಮಾತು. ಉಪ್ಪುಗಾಳಿಗೆ ಬೋಲ್ಟುಗಳು ತುಕ್ಕು ಹಿಡಿದು ಬಿಗಿದುಕೊಂಡಿರುತ್ತವೆ. ಹಿಂದಿನ ಸಂಜೆಯೇ ತುಕ್ಕು ಸಡಿಲಿಸುವ ಸ್ಪ್ರೇ ಹೊಡೆದಿಟ್ಟರೆ ಬೆಳಿಗ್ಗೆ ಅರ್ಧ ಜಗಳ ತಪ್ಪುತ್ತದೆ. ಆದರೆ ಬ್ರೇಕ್ ಡಿಸ್ಕಿಗಾಗಲಿ ಪ್ಯಾಡಿಗಾಗಲಿ ಅದರ ಒಂದು ಹನಿಯೂ ತಾಗಕೂಡದು.

ಈಗ ಮುಂದಿನ ಚಕ್ರಗಳ ಬ್ರೇಕ್ ಪ್ಯಾಡನ್ನೇ ಉದಾಹರಣೆಗೆ ನೋಡೋಣ. ಹೊಸ ಪ್ಯಾಡು ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. 3 ಮಿಲಿಮೀಟರಿಗೆ ಇಳಿಯಿತೆಂದರೆ ಬದಲಿಸುವ ಕಾಲ ಬಂತು. ಬದಲಿಸುವುದು ಎಡಬಲ ಎರಡೂ ಚಕ್ರಗಳದ್ದು; ಆದರೆ ಒಂದು ಸಲಕ್ಕೆ ಬಿಚ್ಚುವುದು ಒಂದು ಚಕ್ರ ಮಾತ್ರ. ಕ್ಲಿಪ್ಪು ಎತ್ತ ಕೂತಿತ್ತು ಎಂದು ಗೊಂದಲವಾದಾಗ ಬಿಚ್ಚದ ಇನ್ನೊಂದು ಚಕ್ರವೇ ಉತ್ತರ ಹೇಳುತ್ತದೆ. ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟರೆ ಮತ್ತೂ ಒಳ್ಳೆಯದು. ಬಿಚ್ಚಿದ ನಟ್ಟು ಬೋಲ್ಟು ಇಡಲು ಮೂಲೆಗೆ ಬಿದ್ದ ಹಳೆಯ ಇಡ್ಲಿ ತಟ್ಟೆಯಂಥ ಸಾಧನ ಇನ್ನೊಂದಿಲ್ಲ, ಒಂದೊಂದು ಗುಳಿಯಲ್ಲಿ ಒಂದೊಂದು ಜಾಗದ್ದು.

ನೆಲ ಸಮತಟ್ಟಾಗಿರಲಿ. ಹಿಂದಿನ ಚಕ್ರಗಳಿಗೆ ಕಲ್ಲೋ ಮರದ ತುಂಡೋ ಒತ್ತು ಕೊಡಿ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಆಮೇಲೆ ಜಾಕಿ ಏರಿಸಿ. ಡಿಕ್ಕಿಯಲ್ಲಿ ಬರುವ ಜಾಕಿ ಸ್ಟೆಪ್ನಿ ಬದಲಿಸುವುದಕ್ಕಷ್ಟೇ. ಅದನ್ನೊಂದೇ ನಂಬಿ ಯಾರೂ ಕಾರಿನ ಕೆಳಗೆ ತಲೆ ಹಾಕಬಾರದು. ಎತ್ತಿದ ಕೂಡಲೇ ಕಬ್ಬಿಣದ ಜಾಕ್ ಸ್ಟ್ಯಾಂಡ್ ಕೊಡಬೇಕು. ಇಟ್ಟಿಗೆ ಪೇರಿಸಿ ನಿಲ್ಲಿಸುವುದನ್ನು ನೋಡಿದರೆ ನನಗೆ ಎದೆ ಝಲ್ಲೆನ್ನುತ್ತದೆ. ಇಟ್ಟಿಗೆ ಸಿಡಿಯುವ ಮುನ್ನ ಯಾವ ಸೂಚನೆಯನ್ನೂ ಕೊಡುವುದಿಲ್ಲ.

ಕ್ಯಾಲಿಪರನ್ನು ಬಿಚ್ಚಿದಾಗ ಅದರ ರಬ್ಬರ್ ಪೈಪಿಗೆ ಜೋತುಬೀಳಲು ಬಿಡದೆ ಒಂದು ತಂತಿಯಲ್ಲಿ ಮೇಲಕ್ಕೆ ಕಟ್ಟಿ. ಹೊಸ ಪ್ಯಾಡು ದಪ್ಪವಾಗಿರುವುದರಿಂದ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕಾಗುತ್ತದೆ. ಆಗ ಬಾನೆಟ್ ಕೆಳಗಿನ ಡಬ್ಬಿಯಲ್ಲಿ ಬ್ರೇಕ್ ಆಯಿಲ್ ಮೇಲೇರುತ್ತದೆ, ಅದು ಉಕ್ಕಿ ಚೆಲ್ಲಿದರೆ ಬಣ್ಣವನ್ನು ಕಿತ್ತುಬಿಡುತ್ತದೆ. ಒಂದು ಕಣ್ಣು ಅಲ್ಲಿರಲಿ. ಬ್ರೇಕಿನ ಧೂಳನ್ನು ಬಾಯಿಂದ ಊದಬೇಡಿ, ಒದ್ದೆ ಬಟ್ಟೆಯಿಂದ ಒರೆಸಿ.

ಎಲ್ಲ ಜೋಡಿಸಿ, ಕಾರು ನೆಲಕ್ಕಿಳಿದ ಮೇಲೆ ಚಕ್ರದ ನಟ್ಟುಗಳನ್ನು ಎದುರುಬದುರಾಗಿ ಬಿಗಿಮಾಡಿ. ಬಳಿಕ ಸೀಟಿನಲ್ಲಿ ಕೂತು, ಗೇರ್ ಹಾಕುವ ಮೊದಲು, ಬ್ರೇಕ್ ಪೆಡಲನ್ನು ಗಟ್ಟಿಯಾಗುವವರೆಗೆ ಮತ್ತೆ ಮತ್ತೆ ಒತ್ತಿ. ಪಿಸ್ಟನ್ ಹಿಂದೆ ಸರಿದಿರುವುದರಿಂದ ಮೊದಲ ಒತ್ತಿಗೆ ಪೆಡಲು ನೇರ ತಳಕ್ಕೆ ಹೋಗುತ್ತದೆ, ಬ್ರೇಕ್ ಹಿಡಿಯುವುದಿಲ್ಲ. ಇದನ್ನು ಮರೆತು ಗೇಟಿನಿಂದ ರಸ್ತೆಗಿಳಿದರೆ ಏನಾದೀತೆಂದು ಬಿಡಿಸಿ ಹೇಳಬೇಕಿಲ್ಲ.

ಭಾನುವಾರವನ್ನು ಖಾಲಿ ಇಟ್ಟುಕೊಳ್ಳಿ. ಅಂದು ಬೆಳಿಗ್ಗೆ ಜನಸಂಚಾರ ಕಡಿಮೆಯಿರುವ ರಸ್ತೆಯಲ್ಲಿ ನಿಧಾನವಾಗಿ ಓಡಿಸಿ, ನಿಲ್ಲಿಸಿ, ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆಯೇ, ಆಯಿಲ್ ತೊಟ್ಟಿಕ್ಕಿದೆಯೇ ನೋಡಿ. ಮನೆಗೆ ಬಂದು ನಟ್ಟುಗಳ ಬಿಗಿಯನ್ನು ಇನ್ನೊಮ್ಮೆ ಪರೀಕ್ಷಿಸಿ. ಹಳೆಯ ಎಂಜಿನ್ ಆಯಿಲ್ ತೆಗೆದಿದ್ದರೆ ಅದನ್ನು ಮೋರಿಗೋ ತೆಂಗಿನ ಬುಡಕ್ಕೋ ಸುರಿಯಬೇಡಿ. ಅದು ನೀರನ್ನೂ ಮಣ್ಣನ್ನೂ ಕೆಡಿಸುವ ಅಪಾಯಕಾರಿ ತ್ಯಾಜ್ಯ. ಕ್ಯಾನಿನಲ್ಲಿ ತುಂಬಿ, ಹಳೆಯ ಆಯಿಲ್ ಸಂಗ್ರಹಿಸುವ ಸರ್ವಿಸ್ ಸ್ಟೇಷನ್ನಿಗೆ ಕೊಡಿ.

ಕಡೆಯದಾಗಿ ಒಂದು ವಿನಂತಿ. ಭಾನುವಾರ ಸಂಜೆ ಬ್ರೇಕಿನ ಬಗ್ಗೆ ಎಳ್ಳಷ್ಟು ಅನುಮಾನ ಉಳಿದಿದ್ದರೂ ಸೋಮವಾರ ಆ ಕಾರನ್ನು ಹೊರಗೆ ತೆಗೆಯಬೇಡಿ. ಬಸ್ಸಿನಲ್ಲೋ ಮೆಟ್ರೋದಲ್ಲೋ ಕೆಲಸಕ್ಕೆ ಹೋಗಿ, ಮೆಕ್ಯಾನಿಕ್ಕನ್ನು ಮನೆಗೇ ಕರೆಸಿ ತೋರಿಸಿ.