ಸರ್ವರ್ ಮನೆ ಬದಲಿಸುವಾಗ ಕೀಲಿ ಯಾರ ಹೆಸರಿನಲ್ಲಿ?

(ಮಹಿಳಾ ವೇದಿಕೆಯ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕ್ಲೌಡ್‌ನಲ್ಲಿರುವ ವರ್ಚುವಲ್ ಮಶೀನನ್ನು ಕಂಪನಿಯ ಸ್ವಂತ ಸರ್ವರಿಗೆ ತರಲು ಯಾವ ಯಾವ ಅನುಮತಿ ಬೇಕು ಎಂಬುದು ಇಂದಿನ ನನ್ನ ವಿಷಯ. ಹೇಳಿದಾಗ ಕಾರ್ಯದರ್ಶಿಯವರೇ ಸ್ವಲ್ಪ ಗಾಬರಿಯಾದರು. ಆದರೆ ಇಲ್ಲಿ ಐಟಿಯಲ್ಲಿ ದುಡಿಯುವವರು ಬಹಳ ಜನ ಇದ್ದೀರಿ. ಉಳಿದವರ ಮನೆಯಲ್ಲೂ ಮಗಳೋ ಸೊಸೆಯೋ ರಾತ್ರಿ ಹನ್ನೊಂದಕ್ಕೆ ಹೆಡ್‌ಫೋನ್ ಹಾಕಿಕೊಂಡು ಕೂತಿರುತ್ತಾಳೆ. ಆ ಕಾಲ್‌ನಲ್ಲಿ ನಡೆಯುವ ಜಗಳ ಬಹುಪಾಲು ಇದೇ: "ನನಗೆ ಆಕ್ಸೆಸ್ ಇಲ್ಲ."

ವರ್ಚುವಲ್ ಮಶೀನ್ ಎಂದರೆ ಒಂದು ದೊಡ್ಡ ಕಂಪ್ಯೂಟರಿನೊಳಗೆ ಸಾಫ್ಟ್‌ವೇರಿನಿಂದ ಮಾಡಿದ ಚಿಕ್ಕ ಕಂಪ್ಯೂಟರ್. ದೊಡ್ಡ ಕಟ್ಟಡದಲ್ಲಿ ಒಂದು ಫ್ಲ್ಯಾಟ್ ಇದ್ದಂತೆ. ಅಮೆಜಾನ್, ಮೈಕ್ರೊಸಾಫ್ಟ್, ಗೂಗಲ್ ಕಟ್ಟಡದಲ್ಲಿ ಬಾಡಿಗೆಗಿದ್ದರೆ ಅದಕ್ಕೆ ಕ್ಲೌಡ್ ಎನ್ನುತ್ತೇವೆ. ಎಲ್ಲರೂ ಆ ಕಡೆ ಓಡಿದ ಕಾಲ ಒಂದಿತ್ತು. ಈಗ ಕೆಲವು ಕಂಪನಿಗಳು ಬಾಡಿಗೆ ಲೆಕ್ಕ ಹಾಕಿ, ಇಲ್ಲವೇ ಮಾಹಿತಿ ನಮ್ಮಲ್ಲೇ ಇರಲಿ ಎಂದು, ಸ್ವಂತ ಸರ್ವರಿಗೆ ಮರಳುತ್ತಿವೆ. ಹೊರಬರುವಾಗ ಡೇಟಾ ಸಾಗಿಸುವುದಕ್ಕೇ ದೊಡ್ಡ ಬಿಲ್ ಬರುತ್ತಿತ್ತು. 2024ರ ಜನವರಿಯಲ್ಲಿ ಗೂಗಲ್, ಮಾರ್ಚಿನಲ್ಲಿ ಅಮೆಜಾನ್ ಮತ್ತು ಮೈಕ್ರೊಸಾಫ್ಟ್, ಬಿಟ್ಟುಹೋಗುವ ಗ್ರಾಹಕರಿಗೆ ಆ ಶುಲ್ಕ ಮಾಫಿ ಎಂದು ಪ್ರಕಟಿಸಿದವು. ಅದಕ್ಕೆ ಅರ್ಜಿ ಹಾಕಬೇಕು, ಷರತ್ತುಗಳೂ ಇವೆ.

ಮುಂಬೈ, ಪುಣೆಯ ಸೊಸೈಟಿಗಳಲ್ಲಿ ಮನೆ ಖಾಲಿ ಮಾಡಿದವರಿಗೆ ಮುಂದಿನದು ಸುಲಭವಾಗಿ ಅರ್ಥವಾಗುತ್ತದೆ. ಸಾಮಾನು ನಮ್ಮದೇ. ಆದರೂ ಸೆಕ್ರೆಟರಿಯ ಎನ್‌ಒಸಿ ಇಲ್ಲದಿದ್ದರೆ ವಾಚ್‌ಮನ್ ಟೆಂಪೊವನ್ನು ಗೇಟು ದಾಟಲು ಬಿಡುವುದಿಲ್ಲ.

ಅಮೆಜಾನ್‌ನದೇ ಉದಾಹರಣೆ ತೆಗೆದುಕೊಳ್ಳಿ. ಮಶೀನನ್ನು ರಫ್ತು ಮಾಡು ಎಂದು ಆಜ್ಞೆ ಕೊಡುವ ಅನುಮತಿ ನಿಮಗಿರಬೇಕು. ಆ ಡಿಸ್ಕ್ ಫೈಲು ಹೋಗಿ ಕೂರುವುದು ಎಸ್3 ಬಕೆಟ್ ಎಂಬ ಉಗ್ರಾಣದಲ್ಲಿ. ಆದರೆ ಅದನ್ನು ಹೊತ್ತೊಯ್ಯುವುದು ನೀವಲ್ಲ, ಅಮೆಜಾನ್‌ನ ಒಂದು ಸೇವೆ. ಉಗ್ರಾಣದ ಬಾಗಿಲು ತೆರೆಯುವ ಅನುಮತಿ ಆ ಸೇವೆಗೂ ಪ್ರತ್ಯೇಕವಾಗಿ ಕೊಟ್ಟಿರಬೇಕು. ಇಮೇಜ್ ರಫ್ತಿಗೆ ಬೇಕಾದ ಆ ಪಾತ್ರಕ್ಕೆ ವಿಎಂಇಂಪೋರ್ಟ್ ಎಂದು ಹೆಸರು. ರಫ್ತಿಗೂ ಹೆಸರು ಇಂಪೋರ್ಟ್ ಎಂದೇ ಏಕೆ ಎಂದು ನನ್ನನ್ನು ಕೇಳಬೇಡಿ. ಗೇಟ್ ಪಾಸ್ ನಿಮ್ಮ ಹೆಸರಿನಲ್ಲಿದೆ, ಬೀರು ಹೊತ್ತವನು ಮೂವರ್ಸ್ ಹುಡುಗ. ವಾಚ್‌ಮನ್ ತಡೆಯುತ್ತಾನೆ. ಕೆಲಸ ಇಲ್ಲಿ ನಿಂತಾಗ ನಾವು ನಮ್ಮ ಅನುಮತಿಯನ್ನೇ ಮತ್ತೆ ಮತ್ತೆ ನೋಡುತ್ತಾ ಕೂರುತ್ತೇವೆ.

ಯಾವ ಅನುಮತಿ ಕೊಟ್ಟರೂ ಈ ದಾರಿಯಲ್ಲಿ ಹೊರಬರದವೂ ಇವೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ, ಮಶೀನು ಮಾರ್ಕೆಟ್‌ಪ್ಲೇಸಿನ ಇಮೇಜಿನಿಂದ ಹುಟ್ಟಿದ್ದರೆ, ಅಮೆಜಾನೇ ಕೊಟ್ಟ ವಿಂಡೋಸ್ ಅದರಲ್ಲಿದ್ದರೆ ರಫ್ತು ಆಗುವುದಿಲ್ಲ. ಇದು ನಿಯಮ, ಅನುಮತಿಯ ಕೊರತೆಯಲ್ಲ. ಇದು ಗೊತ್ತಿಲ್ಲದೆ ಇನ್ನೂ ಸ್ವಲ್ಪ ಆಕ್ಸೆಸ್ ಕೊಡಿ, ಇನ್ನೂ ಸ್ವಲ್ಪ ಎಂದು ಕೇಳುತ್ತಾ ಹೋಗಿ ಕೊನೆಗೆ ಪೂರ್ತಿ ಆಡ್ಮಿನ್ ಮಾಡಿಸಿಕೊಂಡವರನ್ನು ನೋಡಿದ್ದೇನೆ. ಆಗಲೂ ಮಶೀನು ಅಲ್ಲೇ ಇರುತ್ತದೆ, ಅಧಿಕಾರ ಮಾತ್ರ ತಲೆಮೇಲೆ ಬಂದು ಕೂತಿರುತ್ತದೆ.

ಮೈಕ್ರೊಸಾಫ್ಟಿನ ಅಜೂರ್‌ನಲ್ಲಿ ದಾರಿ ಬೇರೆ. ಮಶೀನನ್ನು ನಿಲ್ಲಿಸಿ, ಅಥವಾ ಡಿಸ್ಕಿನ ಸ್ನ್ಯಾಪ್‌ಶಾಟ್ ತೆಗೆದು, ಡೌನ್‌ಲೋಡ್ ಲಿಂಕ್ ಪಡೆಯಬೇಕು. ರೀಡರ್ ಎಂಬ ಪಾತ್ರವಿದ್ದವರಿಗೆ ಡಿಸ್ಕ್ ಕಾಣುತ್ತದೆ, ಲಿಂಕ್ ಸಿಗುವುದಿಲ್ಲ. ಅದಕ್ಕೆ ಬಿಗಿನ್ ಗೆಟ್ ಆಕ್ಸೆಸ್ ಎಂಬ ಬೇರೆ ಅನುಮತಿಯೇ ಇದೆ. ಬೇರೆ ಇಟ್ಟದ್ದಕ್ಕೆ ಕಾರಣವಿದೆ: ಆ ಲಿಂಕ್ ಸಹಿ ಹಾಕಿದ ಬೇರರ್ ಚೆಕ್ಕಿನಂತೆ. ಯಾರ ಕೈಗೆ ಸಿಕ್ಕಿತೋ ಅವರು ಲಾಗಿನ್ ಇಲ್ಲದೆ ಇಡೀ ಡಿಸ್ಕನ್ನು ಇಳಿಸಿಕೊಳ್ಳಬಹುದು. ಇಂಥ ಲಿಂಕನ್ನು ಆಫೀಸಿನ ವಾಟ್ಸಾಪ್ ಗುಂಪಿಗೆ ಹಾಕುವವರಿದ್ದಾರೆ! ಪೋರ್ಟಲ್ ತಾನಾಗಿ ಕೊಡುವ ಅವಧಿ 3600 ಸೆಕೆಂಡು, ಅಂದರೆ ಒಂದು ಗಂಟೆ. 1 ಟೆರಾಬೈಟ್ ಡಿಸ್ಕ್ 100 ಎಂಬಿಪಿಎಸ್ ಲೈನಿನಲ್ಲಿ ಇಳಿಯಲು ಎಲ್ಲೂ ತಡೆಯಿಲ್ಲದಿದ್ದರೂ ಸುಮಾರು 22 ಗಂಟೆ ಬೇಕು. ಹಾಗಾಗಿ ಅವಧಿ ಹೆಚ್ಚಿಸಲೇಬೇಕು, ಒಪ್ಪುತ್ತೇನೆ. ಆದರೆ ಯಾಕೆ ತಲೆನೋವು ಎಂದು ತಿಂಗಳುಗಟ್ಟಲೆ ಬರೆಯಬೇಡಿ. ಒಂದೂವರೆ ದಿನ ಕೊಡಿ, ಇಳಿದ ಕೂಡಲೇ ಲಿಂಕ್ ರದ್ದು ಮಾಡಿ. ಲಿಂಕಿನ ಜೊತೆಗೆ ಲಾಗಿನ್ನೂ ಬೇಕು ಎಂದು ಕಟ್ಟುಪಾಡು ಹಾಕುವ ಸೌಲಭ್ಯವೂ ಇದೆ, ಬಳಸಿ.

ಈಗ ನಾನು ಹೇಳಲೇಬೇಕೆಂದು ಬಂದ ಮಾತು.

ನನಗೆ ಪರಿಚಯದ ಒಂದು ಆಫೀಸಿನಲ್ಲಿ ಇದೇ ಕೆಲಸ ನಡೆದಿತ್ತು. ಒಂದೊಂದೇ ಅನುಮತಿ ಹುಡುಕುತ್ತಾ ಕೂರಲು ಸಮಯವಿಲ್ಲ, ಆಡ್ಮಿನ್ ಕೊಟ್ಟುಬಿಡಿ ಎಂದರು ಮೇಲಿನವರು. ಕೊಟ್ಟದ್ದು ತಂಡದಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಹುಡುಗಿಯ ಹೆಸರಿಗೆ. ಪಾಸ್‌ವರ್ಡನ್ನು ಪಾಳಿಯವರೆಲ್ಲ ಬಳಸಿದರು. ಸ್ಥಳಾಂತರ ಮುಗಿಯಿತು, ಅಧಿಕಾರ ವಾಪಸಾಗಲಿಲ್ಲ. ಎರಡು ತಿಂಗಳಾದ ಮೇಲೆ ಬೇಕಾಗಿದ್ದ ಬ್ಯಾಕಪ್ಪುಗಳು ಅಳಿಸಿಹೋದವು. ಲಾಗ್ ತೆರೆದರೆ ಇವಳ ಹೆಸರು. ಅವಳು ಆ ದಿನ ರಜೆ ಹಾಕಿ ಅಕ್ಕನ ಸೀಮಂತಕ್ಕೆ ಧಾರವಾಡಕ್ಕೆ ಹೋಗಿದ್ದಳು. ರೈಲು ಟಿಕೆಟ್ ತೋರಿಸಿದರೆ, ಮೊಬೈಲಿನಿಂದ ಮಾಡಿರಬಹುದಲ್ಲ ಎಂದರು. ಕೊನೆಗೆ ಅದೇ ಲಾಗ್‌ನ ಇನ್ನೊಂದು ಸಾಲಿನಲ್ಲಿದ್ದ ಐಪಿ ವಿಳಾಸ ಆಫೀಸಿನದೇ ಎಂದು ಗೊತ್ತಾಗಿ ಅವಳು ಪಾರಾದಳು. ಅಮೆಜಾನ್‌ನ ಕ್ಲೌಡ್‌ಟ್ರೇಲ್ ಈ ದಾಖಲೆಯನ್ನು ತಾನಾಗಿ ತೋರಿಸುವುದು 90 ದಿನಗಳ ಮಟ್ಟಿಗೆ ಮಾತ್ರ. ಅದಕ್ಕಿಂತ ಹಳೆಯದು ಬೇಕಿದ್ದರೆ ಮೊದಲೇ ವ್ಯವಸ್ಥೆ ಮಾಡಿರಬೇಕು. ಇನ್ನೊಂದು ತಿಂಗಳು ಕಳೆದಿದ್ದರೆ ಅವಳ ಬಳಿ ಆ ಸಾಲೂ ಇರುತ್ತಿರಲಿಲ್ಲ.

ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ ಇರಲಿ ಎಂಬ ತತ್ವವನ್ನು ಸಾಲ್ಟ್ಜರ್ ಮತ್ತು ಶ್ರೋಡರ್ ಎಂಬ ಇಬ್ಬರು ವಿದ್ವಾಂಸರು 1975ರಲ್ಲೇ ಬರೆದಿಟ್ಟಿದ್ದಾರೆ. ತರಬೇತಿಗಳಲ್ಲಿ ಇದನ್ನು ಕಂಪನಿಯ ರಕ್ಷಣೆಗೆ ಎಂದು ಕಲಿಸುತ್ತಾರೆ. ನನ್ನ ಪ್ರಕಾರ ಇದು ಕೆಲಸ ಮಾಡುವವಳ ರಕ್ಷಣೆಗೆ. ಆಡ್ಮಿನ್ ಸಿಕ್ಕಿತು ಎಂದು ಹಿಗ್ಗಬೇಡಿ. ನಮ್ಮ ಹುಡುಗಿಯರು ಬೇಡ ಎನ್ನಲು ಸಂಕೋಚಪಡುತ್ತಾರೆ, ಕೆಲಸ ಬರುವುದಿಲ್ಲ ಅಂದುಕೊಂಡಾರು ಎಂದು. ಬೇಡ ಎನ್ನುವುದಕ್ಕೇ ಕೆಲಸ ಚೆನ್ನಾಗಿ ಬರಬೇಕು: ಯಾವ ಅನುಮತಿ ಬೇಕು ಎಂದು ಹೆಸರಿಟ್ಟು ಹೇಳಬೇಕಲ್ಲ.

ಇಳಿಯುವ ಜಾಗದ ಬಗ್ಗೆ ಬೇಗ ಮುಗಿಸುತ್ತೇನೆ. ವಿಎಂವೇರ್ ಇದ್ದರೆ ಹೊಸ ಮಶೀನು ಸೃಷ್ಟಿಸಲು, ಡೇಟಾಸ್ಟೋರಿನಲ್ಲಿ ಜಾಗ ಪಡೆಯಲು, ನೆಟ್‌ವರ್ಕಿಗೆ ಜೋಡಿಸಲು ಬೇರೆ ಬೇರೆ ಅನುಮತಿಗಳು. ಇವನ್ನು ಕೊಡುವವರು ಸಾಮಾನ್ಯವಾಗಿ ಬೇರೆ ತಂಡದವರು. ವಾರ ಮೊದಲೇ ಕೇಳಿ, ಶನಿವಾರ ರಾತ್ರಿ ಫೋನ್ ಎತ್ತುವುದಿಲ್ಲ.

ಹೆಚ್ಚಿನವರು ಮರೆಯುವುದು ಇನ್ನೊಂದನ್ನು. ಕ್ಲೌಡ್‌ನಲ್ಲಿದ್ದಾಗ ಮಶೀನಿಗೂ ಅದರದೇ ಪಾತ್ರವಿರುತ್ತದೆ. ಪಾಸ್‌ವರ್ಡ್ ಇಲ್ಲದೆಯೇ ಅದು ಉಗ್ರಾಣದಿಂದ ಫೈಲು ತರುತ್ತಿರುತ್ತದೆ. ಮನೆ ಬದಲಾದ ಮರುದಿನ ಆ ಪರಿಚಯ ಕಳೆದುಹೋಗಿ ಬಿಲ್ಲಿಂಗ್ ನಿಂತುಬಿಡುತ್ತದೆ. ಆಗ ಗಡಿಬಿಡಿಯಲ್ಲಿ ಯಾರದೋ ಶಾಶ್ವತ ಕೀಲಿಯನ್ನು ಕಾನ್ಫಿಗ್ ಫೈಲಿನಲ್ಲಿ ಬರೆದುಬಿಡುತ್ತಾರೆ. ಹೊರಗಿನ ಸರ್ವರುಗಳಿಗೆ ಪ್ರಮಾಣಪತ್ರದ ಆಧಾರದಲ್ಲಿ ತಾತ್ಕಾಲಿಕ ಕೀಲಿ ಕೊಡುವ ವ್ಯವಸ್ಥೆಯನ್ನು ಅಮೆಜಾನ್ 2022ರಲ್ಲಿ ತಂದಿದೆ, ಅದಕ್ಕೆ ರೋಲ್ಸ್ ಎನಿವೇರ್ ಎನ್ನುತ್ತಾರೆ. ಹೊರಡುವ ಮೊದಲೇ ಸಿದ್ಧಮಾಡಿಕೊಂಡರೆ ಆ ರಾತ್ರಿ ನಿದ್ದೆ ಬರುತ್ತದೆ.

ಮನವಿಯನ್ನು ಬಾಯಿಮಾತಿನಲ್ಲಿ ಮಾಡಬೇಡಿ. ಯಾವ ಮಶೀನು, ಯಾವ ಅನುಮತಿ, ಯಾರ ಹೆಸರಿಗೆ, ಯಾವ ತಾರೀಖಿನವರೆಗೆ ಎಂದು ನಾಲ್ಕು ಸಾಲು ಇಮೇಲ್ ಹಾಕಿ. ಕೆಲಸ ಮುಗಿದ ದಿನ ಅದೇ ಇಮೇಲಿಗೆ ಉತ್ತರವಾಗಿ "ಮುಗಿದಿದೆ, ವಾಪಸ್ ತೆಗೆದುಕೊಳ್ಳಿ" ಎಂದು ಬರೆಯಿರಿ. ಬಕೆಟ್ಟಿನಲ್ಲಿ ಬಿದ್ದಿರುವ ಆ ಡಿಸ್ಕ್ ಫೈಲನ್ನೂ ಅಳಿಸಿ. ಗ್ರಾಹಕರ ವಿವರ, ಡೇಟಾಬೇಸಿನ ಪಾಸ್‌ವರ್ಡ್ ಎಲ್ಲ ಅದರೊಳಗೆ ಇರುತ್ತದೆ.

ನಾನು ಬಳಸುವ ಇಮೇಲಿನ ನಮೂನೆ ತಂದಿದ್ದೇನೆ. ಚಹಾದ ಹೊತ್ತಿಗೆ ಬೇಕಾದವರು ಬನ್ನಿ, ತೋರಿಸುತ್ತೇನೆ.