ಕುದುರೆ ಓಡುತ್ತದೆ, ಹಣ ಯಾರದು?

(ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಇಲ್ಲಿಂದ ಹಂಪಿಗೆ ಹೋಗಿ ಮಹಾನವಮಿ ದಿಬ್ಬವನ್ನು ಒಮ್ಮೆ ಸುತ್ತಿ ನೋಡಿರಿ. ಕಲ್ಲಿನ ಮೇಲೆ ಕುದುರೆಗಳ ಸಾಲುಗಳೇ ಇವೆ. ಹೋರ್ಮುಜ್‌ನಿಂದ ಹಡಗಿನಲ್ಲಿ ಕುದುರೆ ತಂದು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ವಿಜಯನಗರಕ್ಕೆ ಮಾರುತ್ತಿದ್ದವರಲ್ಲಿ ಅರಬ್ ವ್ಯಾಪಾರಿಗಳೂ ಇದ್ದರು. ಪ್ರವಾದಿಯವರು(ಸ) ಮದೀನಾದಲ್ಲಿ ಸ್ವತಃ ಕುದುರೆ ಓಟವನ್ನು ಏರ್ಪಡಿಸಿದ್ದರೆಂದು ಸಹೀಹ್ ಬುಖಾರಿಯಲ್ಲಿ ವರದಿಯಾಗಿದೆ. ಪಳಗಿಸಿದ ಕುದುರೆಗಳಿಗೆ ಉದ್ದದ ದಾರಿ, ಉಳಿದವುಗಳಿಗೆ ಬನೂ ಝುರೈಕ್‌ರ ಮಸೀದಿಯವರೆಗಿನ ಚಿಕ್ಕ ದಾರಿ. ಆದ್ದರಿಂದ ಇಂದು ನಮ್ಮ ಮಾತು ಓಟದ ವಿರುದ್ಧವಲ್ಲ. ಓಡದೆ ಕುಳಿತವರು ಕಟ್ಟುವ ಪಣದ ಕುರಿತು.

ನಮ್ಮೂರಿನಲ್ಲಿ ರೇಸ್‌ಕೋರ್ಸ್ ಇಲ್ಲ. ಇರುವುದು ಬೆಂಗಳೂರಿನ ನಡುವೆ, ಮೈಸೂರಿನ ಚಾಮುಂಡಿ ಬೆಟ್ಟದ ಬುಡದಲ್ಲಿ. ಆದರೆ ಫೋನಿನಲ್ಲಿ ಪಣ ಹಿಡಿಯುವವನು ಸಿಕ್ಕರೆ ದೂರ ಲೆಕ್ಕಕ್ಕಿಲ್ಲ. ‘ಇದು ಜೂಜಲ್ಲ, ಸುಪ್ರೀಂ ಕೋರ್ಟೇ ಒಪ್ಪಿದೆ’ ಎಂದು ಮಗ ವಾದಿಸಿದರೆ ತಂದೆಗೆ ಉತ್ತರ ಹೊಳೆಯುವುದಿಲ್ಲ. ಹರಾಮ್ ಎಂದು ಗದರಿಸುವುದು ಸುಲಭ. ಲೆಕ್ಕ ಬಿಡಿಸಿ ತೋರಿಸುವುದು ಅದಕ್ಕಿಂತ ಉಪಯುಕ್ತವೆಂದು ನಾವು ಭಾವಿಸುತ್ತೇವೆ.

ರೇಸ್‌ಕೋರ್ಸಿನಲ್ಲಿ ಪಣ ಕಟ್ಟಲು ಎರಡು ದಾರಿಗಳಿವೆ. ಒಂದು ಟೋಟ್, ಇನ್ನೊಂದು ಬುಕ್ಕಿ. ಟೋಟ್ ಎಂದರೆ ಎಲ್ಲರ ಹಣವೂ ಒಂದೇ ಗುಡಾಣಕ್ಕೆ ಬೀಳುವ ವ್ಯವಸ್ಥೆ. ಉದಾಹರಣೆಗೆ 10 ರೂಪಾಯಿಯ 1,000 ಟಿಕೆಟ್‌ಗಳು ಮಾರಾಟವಾದವೆನ್ನೋಣ. ಒಟ್ಟು 10,000 ರೂಪಾಯಿ. ಕ್ಲಬ್ಬಿನ ಕಮಿಷನ್ನು, ತೆರಿಗೆ ಎಂದು ಅದರಲ್ಲಿ 2,000 ಹೋಯಿತೆನ್ನೋಣ. ಗೆದ್ದ ಕುದುರೆಯ ಮೇಲಿದ್ದ ಟಿಕೆಟ್‌ಗಳು 100 ಆದರೆ ಒಂದೊಂದಕ್ಕೆ 80 ರೂಪಾಯಿ. ಹತ್ತು ಕೊಟ್ಟು ಎಂಬತ್ತು ಪಡೆದವನು ಕುದುರೆ ಕೊಟ್ಟಿತೆಂದು ಹಿಗ್ಗುತ್ತಾನೆ. ಕುದುರೆ ಯಾರಿಗೂ ಏನನ್ನೂ ಕೊಡುವುದಿಲ್ಲ. ಸೋತ 900 ಟಿಕೆಟ್‌ಗಳ ಹಣದಲ್ಲಿ ಕ್ಲಬ್ಬೂ ಸರಕಾರವೂ ತಮ್ಮ ಪಾಲು ತೆಗೆದುಕೊಂಡ ನಂತರ ಉಳಿದದ್ದೇ ಅವನ ಗೆಲುವು. ಅದೇ ಹಣವನ್ನು ಮತ್ತೆ ಮತ್ತೆ ಕಟ್ಟುತ್ತ, ಪ್ರತಿ ಬಾರಿ ನೂರಕ್ಕೆ ಸರಾಸರಿ 80 ಮರಳುತ್ತದೆಂದರೂ, ಐದನೆಯ ರೇಸ್ ಮುಗಿಯುವಾಗ 100 ರೂಪಾಯಿ 33ಕ್ಕೆ ಇಳಿದಿರುತ್ತದೆ.

ಬುಕ್ಕಿಯ ಲೆಕ್ಕ ಬೇರೆ. ಅವನು ದರವನ್ನು ಮೊದಲೇ ಹೇಳುತ್ತಾನೆ. ಸಮಬಲದ ನಾಲ್ಕು ಕುದುರೆಗಳಿಗೆ ಒಂದಕ್ಕೆ ಎರಡರಂತೆ ಕೊಡುತ್ತೇನೆಂದು ನಾಲ್ವರಿಂದ ನೂರು ನೂರು ಪಡೆದರೆ ಅವನ ಕೈಯಲ್ಲಿ 400. ಯಾವ ಕುದುರೆ ಗೆದ್ದರೂ ಪಣ ಸೇರಿಸಿ ಅವನು ಕೊಡಬೇಕಾದುದು 300. ರೇಸ್ ನೋಡದೆಯೇ ಅವನು ಗೆದ್ದಾಯಿತು!

ಗೆದ್ದ ಹಣವನ್ನು ಪಡೆಯುವುದಕ್ಕೂ ಕ್ರಮವಿದೆ. ಕುದುರೆ ಗೆರೆ ದಾಟಿದ ಮಾತ್ರಕ್ಕೆ ಫಲಿತಾಂಶ ಅಂತಿಮವಲ್ಲ. ಜಾಕಿ ಮತ್ತೆ ತೂಕಕ್ಕೆ ನಿಲ್ಲಬೇಕು, ಆಕ್ಷೇಪಣೆಯಿದ್ದರೆ ಅದು ಇತ್ಯರ್ಥವಾಗಬೇಕು. ಬಳಿಕವೇ ಪಾವತಿ. ಟಿಕೆಟ್ ತೋರಿಸಿದವನಿಗೆ ಹಣ. ಹರಿದೆಸೆದವನ ಮಾತಿಗೆ ಅಲ್ಲಿ ಬೆಲೆಯಿಲ್ಲ. ಗೆಲುವಿನ ಮೇಲೆ ಶೇ. 30 ಆದಾಯ ತೆರಿಗೆ. ನಿನ್ನೆ ಸೋತದ್ದನ್ನು ಇಂದಿನ ಗೆಲುವಿನಿಂದ ಕಳೆದು ತೋರಿಸಲು ಕಾನೂನಿನಲ್ಲಿ ಅವಕಾಶವಿಲ್ಲ. ಇದಲ್ಲದೆ 2023ರ ಅಕ್ಟೋಬರ್‌ನಿಂದ ಪಣದ ಪೂರ್ಣ ಮೊತ್ತದ ಮೇಲೆ ಶೇ. 28ರಷ್ಟಿದ್ದ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ಶೇ. 40ಕ್ಕೆ ಏರಿಸಲಾಗಿದೆ.

ಇದೆಲ್ಲ ಪರವಾನಗಿಯಿರುವ ಕಡೆಯ ಮಾತು. ನಮ್ಮ ಓಣಿಯ ಫೋನ್ ವ್ಯವಹಾರದಲ್ಲಿ ಟಿಕೆಟೂ ಇಲ್ಲ, ತೂಕವೂ ಇಲ್ಲ. ದೊಡ್ಡ ಮೊತ್ತ ಗೆದ್ದ ದಿನ ಆ ಫೋನ್ ಎತ್ತುವವರಿಲ್ಲದಿದ್ದರೆ ಯಾವ ನ್ಯಾಯಾಲಯಕ್ಕೂ ಹೋಗಲಾಗದು. 1872ರ ಕರಾರು ಕಾಯ್ದೆಯ 30ನೆಯ ಕಲಮಿನಂತೆ ಪಣದ ಒಪ್ಪಂದ ಅನೂರ್ಜಿತ, ಗೆದ್ದದ್ದಕ್ಕಾಗಿ ದಾವೆ ಹೂಡುವಂತಿಲ್ಲ. ತಾಯಂದಿರು ಇದರ ಇನ್ನೊಂದು ಮಗ್ಗುಲನ್ನೂ ತಿಳಿದಿರಬೇಕು. ಮಗ ಸೋತ ಬಾಕಿಗಾಗಿ ಬುಕ್ಕಿಯೂ ದಾವೆ ಹೂಡುವಂತಿಲ್ಲ. ಅದಕ್ಕೇ ಅವನು ಕೋರ್ಟಿಗೆ ಹೋಗದೆ ಮನೆಯ ಬಾಗಿಲಿಗೆ ಬರುತ್ತಾನೆ. ಮಾನಕ್ಕಂಜಿ ಬಳೆ ಒತ್ತೆಯಿಡಬೇಡಿರಿ. ಬೆದರಿಸಿದರೆ ಪೊಲೀಸರಿಗೆ ತಿಳಿಸಿರಿ.

ಇನ್ನು ಸುಪ್ರೀಂ ಕೋರ್ಟಿನ ಮಾತು. 1996ರಲ್ಲಿ ಲಕ್ಷ್ಮಣನ್ ಮತ್ತು ತಮಿಳುನಾಡು ಸರಕಾರದ ನಡುವಿನ ಪ್ರಕರಣದಲ್ಲಿ ಕುದುರೆ ರೇಸ್ ಕೌಶಲ್ಯದ ಆಟವೆಂದು ಅದು ಹೇಳಿದ್ದು ನಿಜ. ಅಲ್ಲಿನ ಪ್ರಶ್ನೆ, ಇದು ಕಾನೂನಿನ ದೃಷ್ಟಿಯಲ್ಲಿ ಶಿಕ್ಷಾರ್ಹ ಜೂಜೇ ಎಂಬುದಾಗಿತ್ತು. ಫೋನಿನಲ್ಲಿ ಪಣ ಹಿಡಿಯುವವನಿಗೆ ಅದು ಪರವಾನಗಿಯನ್ನೇನೂ ಕೊಟ್ಟಿಲ್ಲ. ಸರಕಾರದ ಇಬ್ಬಗೆಯನ್ನೂ ಇಲ್ಲಿಯೇ ಹೇಳಿಬಿಡುತ್ತೇವೆ. ಬಡವರ ಮನೆ ಮುರಿಯುತ್ತದೆಂದು 2007ರಲ್ಲಿ ಕರ್ನಾಟಕ ಲಾಟರಿಯನ್ನು ನಿಷೇಧಿಸಿತು, ಅದು ಸ್ವಾಗತಾರ್ಹವೇ. ರೇಸಿಗೆ ಮಾತ್ರ ಪರವಾನಗಿ ಮುಂದುವರಿಯಿತು. ಕೂಲಿಯವನ ಜೂಜಿಗೆ ಒಂದು ನ್ಯಾಯ, ಕ್ಲಬ್ಬಿನವರ ಜೂಜಿಗೆ ಇನ್ನೊಂದು.

ಕ್ಲಬ್ಬುಗಳು ದಾನ ಮಾಡುತ್ತವೆ, ಕುದುರೆ ಲಾಯದಲ್ಲಿ ಎಷ್ಟೋ ಜನರಿಗೆ ಕೆಲಸವಿದೆ ಎನ್ನುವವರಿದ್ದಾರೆ. ಅಜ್ಞಾನ ಕಾಲದ ಅರಬರು ಬಾಣಗಳನ್ನೆತ್ತಿ ಒಂಟೆಯ ಮಾಂಸಕ್ಕೆ ಜೂಜಾಡಿ, ಗೆದ್ದ ಪಾಲನ್ನು ಬಡವರಿಗೇ ಹಂಚುತ್ತಿದ್ದರು. ಮೈಸಿರ್ ಎಂದರೆ ಅದೇ. ಅದರಲ್ಲಿ ಕೆಲವು ಪ್ರಯೋಜನಗಳಿವೆಯೆಂಬುದನ್ನು ಅಲ್‌ಬಕರಾ ಅಧ್ಯಾಯದ 219ನೆಯ ಸೂಕ್ತವು ನಿರಾಕರಿಸುವುದಿಲ್ಲ. ಕೇಡು ಅದಕ್ಕಿಂತ ದೊಡ್ಡದೆನ್ನುತ್ತದೆ. ಅಲ್‌ಮಾಇದಾದ 90 ಮತ್ತು 91ನೆಯ ಸೂಕ್ತಗಳಲ್ಲಿ ಅದು ಮದ್ಯದೊಡನೆ ನಿಷಿದ್ಧವಾಯಿತು. ಸವಾರನಿಗೆ ಹೊರಗಿನವರು ಬಹುಮಾನ ಕೊಡುವುದನ್ನು ಫುಕಹಾಗಳು ಒಪ್ಪಿದ್ದಾರೆ. ಒಬ್ಬನ ಸೋಲೇ ಇನ್ನೊಬ್ಬನ ಗಳಿಕೆಯಾಗುವ ಪಣವನ್ನು ಒಪ್ಪಿಲ್ಲ.

ಈಗಾಗಲೇ ಗೆದ್ದು ತಂದ ಹಣವನ್ನೇನು ಮಾಡುವುದು, ಮಸೀದಿಗೆ ಕೊಟ್ಟರೆ ಶುದ್ಧವಾದೀತೇ ಎಂದು ಕೇಳುವವರೂ ಇದ್ದಾರೆ. ಯಾರಿಂದ ಬಂತೆಂಬುದು ತಿಳಿದಿದ್ದರೆ ಅವರಿಗೇ ಮರಳಿಸಬೇಕು. ಟೋಟಿನ ಹಣದಂತೆ ಒಡೆಯರು ಯಾರೆಂದು ತಿಳಿಯದಿದ್ದರೆ ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಬೇಕು. ಉಲಮಾಗಳ ಸಾಮಾನ್ಯ ಅಭಿಪ್ರಾಯ ಇದು. ಮಸೀದಿ ಕಮಿಟಿಯವರು ಅದಕ್ಕೆ ರಸೀದಿ ಬರೆಯದಿರುವುದೇ ಲೇಸು.